ಮಕ್ಕಳಿಲ್ಲದ ಇಬ್ಬರು ಡಿಸ್ನಿ ಹಡಗು ಹತ್ತುವುದು ಹೇಗೆ

ಮಿಕ್ಕಿ ಮೌಸ್ ಕಾರ್ಟೂನಿನ ಡಿಸ್ನಿ ಕಂಪನಿ ನಡೆಸುವ ವಿಹಾರದ ಹಡಗು ಏನಿದ್ದರೂ ಮಕ್ಕಳಿದ್ದವರಿಗೆ ಎಂದು ನೀವು ಆಸೆಯನ್ನು ಬದಿಗಿಟ್ಟಿದ್ದರೆ ಈ ಬರಹ ನಿಮಗಾಗಿಯೇ. ನಾನು ಬಾಗಲಕೋಟೆ ನವನಗರದವಳು, ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನಮಗೆ ಮಕ್ಕಳಿಲ್ಲ. ನಾನೂ ನಮ್ಮ ಮನೆಯವರೂ ನಲವತ್ತು ದಾಟಿದ ಮೇಲೆ ಫ್ಲೋರಿಡಾದಿಂದ ಹೊರಟ ‘ಡಿಸ್ನಿ ಡ್ರೀಮ್’ ಹತ್ತಿದೆವು. ತಂಗಿ ಅಲ್ಲೇ ಇರುವುದರಿಂದ ವಿಮಾನದ ಖರ್ಚು ಹೇಗೂ ಆಗುವುದಿತ್ತು. ಹೊರಡುವ ಮುಂಚೆ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ‘ಮಕ್ಕಳು ಮರಿ ಇಲ್ದ ನೀವಿಬ್ರ ಅಲ್ಲಿ ಹೋಗಿ ಏನ್ ಮಾಡ್ತೀರಿ?’ ಮಾಡುವುದು ಬಹಳ ಇದೆ. ಆದರೆ ಹೋಗುವ ತಿಂಗಳು ಮತ್ತು ಊಟದ ಪಂಕ್ತಿ, ಇವೆರಡನ್ನು ಮೊದಲೇ ಸರಿಯಾಗಿ ಆರಿಸಿಕೊಳ್ಳಬೇಕು. ಉಳಿದದ್ದೆಲ್ಲ ಇವುಗಳ ಬೆನ್ನಿಗೇ ಬರುತ್ತದೆ.

ತಿಂಗಳಿನ ವಿಷಯ ಮೊದಲು. ಅಮೆರಿಕದ ಶಾಲೆಗಳಿಗೆ ರಜೆ ಇರುವಾಗ ಹಡಗಿನ ತುಂಬ ಮಕ್ಕಳೇ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್ಮಸ್, ಮಾರ್ಚ್-ಏಪ್ರಿಲ್‌ನ ವಸಂತ ರಜೆ, ಇಷ್ಟನ್ನು ಬಿಟ್ಟುಬಿಡಿ. ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನ. ಅದು ಕಳೆದ ಮೇಲೆ ನವೆಂಬರ್ ನಡುವಿನವರೆಗೆ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ, ದರವೂ ಸಾಮಾನ್ಯವಾಗಿ ಇಳಿದಿರುತ್ತದೆ. ನಮ್ಮ ದಸರಾ ರಜೆ ಸರಿಯಾಗಿ ಇದರ ನಡುವೆಯೇ ಬೀಳುತ್ತದೆ. ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗುವುದಿಲ್ಲ. ಅಕ್ಟೋಬರ್ ಎರಡನೇ ಸೋಮವಾರ ಮಾತ್ರ ಅವರಿಗೂ ರಜೆ, ಆ ವಾರಾಂತ್ಯ ತಪ್ಪಿಸಿ. ಆ ವರ್ಷ ಬನ್ನಿ ಹಂಚಲು ನಾವು ಊರಲ್ಲಿರಲಿಲ್ಲ, ಅಷ್ಟು ಬಿಟ್ಟುಕೊಡಬೇಕಾಯಿತು. ಇನ್ನೊಂದು ಎಚ್ಚರ: ಅಟ್ಲಾಂಟಿಕ್ ಕಡೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಬಿರುಗಾಳಿ ಎದ್ದರೆ ಹಡಗು ದಾರಿ ಬದಲಿಸುತ್ತದೆ, ನೀವು ಎಣಿಸಿದ ದ್ವೀಪ ಸಿಗದೆಯೂ ಹೋಗಬಹುದು. ಪ್ರಯಾಣ ವಿಮೆ ಮಾಡಿಸದೆ ಹೊರಡಬೇಡಿ. ಹಡಗು ಹೊರಡುವ ದಿನವೇ ಬಂದರಿನ ಊರು ತಲುಪುವ ಯೋಜನೆಯೂ ಬೇಡ, ಹಿಂದಿನ ದಿನವೇ ಅಲ್ಲಿರಿ.

ವೀಸಾ ಬಗ್ಗೆ ಒಂದೇ ಮಾತು. ಹಡಗು ಬಹಾಮಾಸ್‌ಗೆ ಹೋಗಿ ಅಮೆರಿಕಕ್ಕೆ ಮರಳುವುದರಿಂದ ಅದು ನಿಮ್ಮ ಎರಡನೇ ಪ್ರವೇಶವಾಗುತ್ತದೆ. ಹಾಗಾಗಿ ವೀಸಾ ಹಲವು ಪ್ರವೇಶದ್ದಾಗಿರಬೇಕು. ಮಧ್ಯದ ದೇಶಗಳಿಗೆ ಭಾರತೀಯ ಪಾಸ್‌ಪೋರ್ಟಿನವರಿಗೆ ಏನು ಬೇಕೆಂದು ಟಿಕೆಟ್ ಕೊಳ್ಳುವ ಮುಂಚೆಯೇ ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ದರ ನೋಡುವಾಗ ಗಮನಿಸಿ: ಕೋಣೆಯೊಂದಕ್ಕೆ ಇಬ್ಬರು ಎಂಬ ಲೆಕ್ಕದ ಮೇಲೆ ಬೆಲೆ ನಿಂತಿರುತ್ತದೆ. ಕುಟುಂಬದವರಿಗೆ ಮೂರನೆಯ, ನಾಲ್ಕನೆಯ ಆಸಾಮಿಗೆ ಕಡಿಮೆ ಬೀಳುತ್ತದೆ, ನಮಗೆ ಆ ಲಾಭವಿಲ್ಲ. ಒಬ್ಬರೇ ಹೋಗುವವರು ಹೆಚ್ಚುಕಡಿಮೆ ಇಬ್ಬರ ದುಡ್ಡೇ ಕಟ್ಟಬೇಕಾಗುತ್ತದೆ, ಆದ್ದರಿಂದ ಗೆಳತಿಯೊಬ್ಬಳನ್ನು ಜತೆಗೆ ಹೊರಡಿಸಿ. ಉಳಿಸಬೇಕೆಂದರೆ ಒಳಗಿನ ಕೋಣೆ ತೆಗೆದುಕೊಳ್ಳಿ. ಡ್ರೀಮ್‌ನ ಒಳಕೋಣೆಗಳಿಗೆ ಕಿಟಕಿ ಇಲ್ಲ. ಬದಲಿಗೆ ಗೋಡೆಯಲ್ಲಿ ದುಂಡನೆಯ ಪರದೆಯೊಂದಿದ್ದು, ಹಡಗಿನ ಹೊರಗಿನ ಕ್ಯಾಮೆರಾ ತೋರುವ ಸಮುದ್ರ ಅದೇ ಕ್ಷಣಕ್ಕೆ ಅಲ್ಲಿ ಕಾಣುತ್ತದೆ. ನಡುನಡುವೆ ಡಿಸ್ನಿಯ ಪಾತ್ರವೊಂದು ಹಾದು ಹೋಗುತ್ತದೆ. ನಮ್ಮ ಮನೆಯವರು ರಾತ್ರಿ ದೀಪ ಆರಿಸಿ ಅದನ್ನೇ ನೋಡುತ್ತ ಮಲಗುತ್ತಿದ್ದರು. ತಲೆ ಸುತ್ತುವ ಭಯವಿದ್ದರೆ ಕೆಳ ಅಂತಸ್ತಿನ, ಹಡಗಿನ ನಡುಭಾಗದ ಕೋಣೆ ಕೇಳಿ. ಅಲ್ಲಿ ಅಲುಗಾಟ ಕಡಿಮೆ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಇಲ್ಲಿಂದಲೇ ಒಯ್ಯಿರಿ.

ಈಗ ಊಟ. ಇದರ ಬಗ್ಗೆ ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಪಯಣದ ಸುಖದಲ್ಲಿ ಅರ್ಧ ಪಾಲು ಇದರದೇ.

ನಮ್ಮ ಮದುವೆ ಮನೆಗಳ ಹಾಗೆ ಅಲ್ಲಿಯೂ ರಾತ್ರಿಯೂಟಕ್ಕೆ ಎರಡು ಪಂಕ್ತಿ. ಮೊದಲನೆಯದು ಸಂಜೆ ಆರರ ಆಸುಪಾಸು, ಎರಡನೆಯದು ಎಂಟೂಕಾಲರ ಸುಮಾರು. ಚಿಕ್ಕ ಮಕ್ಕಳಿದ್ದವರು ಬಹುತೇಕ ಮೊದಲ ಪಂಕ್ತಿ ಹಿಡಿಯುತ್ತಾರೆ. ನೀವು ಕಣ್ಣುಮುಚ್ಚಿ ಎರಡನೆಯದನ್ನು ಕೇಳಿ. ನಮ್ಮ ಹೊಟ್ಟೆಯ ಗಡಿಯಾರಕ್ಕೂ ಅದೇ ಸರಿ. ಕಾಯ್ದಿರಿಸುವಾಗಲೇ ‘ಇಬ್ಬರಿಗೆ ಬೇರೆ ಮೇಜು ಬೇಕು’ ಅಥವಾ ‘ನಮ್ಮಂತೆ ದೊಡ್ಡವರೇ ಇರುವ ಮೇಜು ಬೇಕು’ ಎಂದು ಬರೆಸಿ. ಖಾತ್ರಿ ಕೊಡುವುದಿಲ್ಲ, ಆದರೆ ಬರೆದುಕೊಳ್ಳುತ್ತಾರೆ. ಹತ್ತಿದ ದಿನ ಮಧ್ಯಾಹ್ನವೇ ವಿಚಾರಣೆಯ ಕೌಂಟರಿಗೆ ಹೋಗಿ ಇನ್ನೊಮ್ಮೆ ನೆನಪಿಸಿ.

ಹಡಗಿನಲ್ಲಿ ಮೂರು ದೊಡ್ಡ ಊಟದ ಮನೆಗಳಿವೆ. ದಿನಕ್ಕೊಂದರಲ್ಲಿ ನಿಮ್ಮ ಊಟ. ನೀವು ಜಾಗ ಬದಲಿಸಿದಂತೆ ನಿಮಗೆ ಬಡಿಸುವವರೂ ನಿಮ್ಮ ಜತೆಗೇ ಬರುತ್ತಾರೆ. ಇದು ಡಿಸ್ನಿಯವರ ಹಳೆಯ ಪದ್ಧತಿ, ಸಸ್ಯಾಹಾರಿಗಳಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ನಮಗೆ ಸಿಕ್ಕ ಹುಡುಗ ಗೋವಾದವನು. ಬಾಗಲಕೋಟೆ ಅಂದ ಕೂಡಲೇ ‘ನಮ್ಮನೆ ಕಾಯಿಪಲ್ಲೆ ಎಲ್ಲಾ ಬೆಳಗಾವಿದೇ ಅಲ್ವಾ ಮೇಡಂ’ ಎಂದು ಅರ್ಧ ಕೊಂಕಣಿಯ ಕನ್ನಡದಲ್ಲಿ ನಕ್ಕ. ಮೊದಲ ರಾತ್ರಿ ನಾವು ಮೆನುವಿನಲ್ಲಿದ್ದ ಪಾಸ್ತಾ ತಿಂದೆವು. ಏಳುವ ಮುಂಚೆ ಅವನೇ ಬಂದು, ‘ನಾಳೆಗೆ ಭಾರತದ ಅಡುಗೆ ಮಾಡಿಸಲೇ? ಹೊತ್ತಿದ್ದಾಗಲೇ ಹೇಳಿದರೆ ಅಡುಗೆಮನೆಯವರು ಮಾಡುತ್ತಾರೆ’ ಎಂದು ಚೀಟಿ ಹಿಡಿದು ನಿಂತ. ಮರುದಿನ ರಾತ್ರಿ ಮೇಜಿಗೆ ಬೇಳೆ, ಪನ್ನೀರು, ಆಲೂ ಪಲ್ಲೆ, ಅನ್ನ, ಬಿಸಿ ರೊಟ್ಟಿ, ಉಪ್ಪಿನಕಾಯಿ ಬಂದವು. ಜೋಳದ ರೊಟ್ಟಿ ಅಲ್ಲ ಬಿಡಿ, ಆದರೆ ಬೇಳೆಗೆ ಜೀರಿಗೆ ಒಗ್ಗರಣೆ ಬಿದ್ದಿತ್ತು. ನೀವು ಕಾಯ್ದಿರಿಸುವಾಗಲೇ ಆಹಾರದ ಕಾಲಂನಲ್ಲಿ ಭಾರತೀಯ ಸಸ್ಯಾಹಾರ ಎಂದು ದಾಖಲಿಸಿ. ಮೊಟ್ಟೆ, ಬೆಳ್ಳುಳ್ಳಿ ತಿನ್ನುತ್ತೀರೋ ಇಲ್ಲವೋ ಅದನ್ನೂ ಬಿಡಿಸಿ ಬರೆಯಿರಿ. ಹಡಗಿನಲ್ಲಿ ಪ್ರತಿ ರಾತ್ರಿ ನಾಳೆಯದನ್ನು ಇಂದೇ ಹೇಳಿ.

ಎನ್ಚಾಂಟೆಡ್ ಗಾರ್ಡನ್ ಎಂಬ ಊಟದ ಮನೆಯಲ್ಲಿ ನಿಮ್ಮ ಸರದಿ ಬಂದ ದಿನ ತಲೆ ಎತ್ತಿ ನೋಡುತ್ತಿರಿ. ನೀವು ಕೂತಾಗ ಹಗಲಿನ ತೋಟ. ಊಟ ಸಾಗಿದಂತೆ ಮಾಡಿನ ಬೆಳಕು ಸಂಜೆಗೆ ತಿರುಗುತ್ತದೆ, ಮೇಲಿನ ಹೂವಿನಾಕಾರದ ದೀಪಗಳು ನಿಧಾನವಾಗಿ ಅರಳುತ್ತವೆ. ಅಕ್ಕಪಕ್ಕದ ಮೇಜಿನ ಹುಡುಗರಿಗೆ ಅದರ ಕಡೆ ಗಮನವೇ ಇರಲಿಲ್ಲ. ಗಮನವಿಟ್ಟು ನೋಡಿದವರು ದೊಡ್ಡವರು.

ದೊಡ್ಡವರಿಗಷ್ಟೇ ಎಂದು ಡ್ರೀಮ್‌ನಲ್ಲಿ ಬೇರೆಯೇ ಜಾಗಗಳಿವೆ. ಹದಿನೆಂಟು ದಾಟಿದವರಿಗಷ್ಟೇ ಪ್ರವೇಶವಿರುವ ಕ್ವೈಟ್ ಕೋವ್ ಎಂಬ ಈಜುಕೊಳ, ಪಕ್ಕದಲ್ಲೇ ಕಾಫಿ ಕುಡಿಯುತ್ತ ಓದಲು ಕೋವ್ ಕೆಫೆ, ಪಾಲೊ ಎಂಬ ಇಟಾಲಿಯನ್ ಊಟದ ಮನೆ. ಪಾಲೊಗೆ ಬೇರೆ ಹಣ ಕೊಡಬೇಕು. ಮೊದಲ ಸಲ ಹೋಗುವವರಿಗೆ ಪಯಣಕ್ಕೆ 75 ದಿನ ಮುಂಚೆ ಅದರ ಕಾಯ್ದಿರಿಸುವಿಕೆ ತೆರೆಯುತ್ತದೆ, ಅಷ್ಟರೊಳಗೆ ಪೂರ್ತಿ ದುಡ್ಡು ಕಟ್ಟಿರಬೇಕು. ಆನ್‌ಲೈನ್ ಚೆಕ್-ಇನ್‌ಗೆ 30 ದಿನ. ಈ ಎರಡೂ ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಗುಂಡು ಹಾಕಿ ಇಟ್ಟುಕೊಳ್ಳಿ. ಡಿಸ್ನಿ ಹಡಗಿನಲ್ಲಿ ಕ್ಯಾಸಿನೊ ಇಲ್ಲ ಎಂಬುದನ್ನು ನಮ್ಮವರು ತಿಳಿಯಬೇಕು. ಜೂಜಿನ ಗದ್ದಲ ಬೇಡವೆನ್ನುವ ದೊಡ್ಡವರಿಗೆ ಇತರ ಹಡಗುಗಳಿಗಿಂತ ಇದೇ ಹಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾಸ್ಟವೇ ಕೇ ಡಿಸ್ನಿಯವರದೇ ದ್ವೀಪ, ಬಹಾಮಾಸ್‌ನಲ್ಲಿದೆ. ಹಡಗು ನೇರ ದಡಕ್ಕೇ ಹತ್ತಿಕೊಂಡು ನಿಲ್ಲುತ್ತದೆ. ಇಳಿದ ಕೂಡಲೇ ಸಿಗುವ ಕುಟುಂಬದ ಕಡಲತೀರದಲ್ಲಿ ನಿಲ್ಲದೆ ಟ್ರಾಮ್ ಹತ್ತಿ ಕೊನೆಯವರೆಗೆ ಹೋಗಿ. ಅಲ್ಲಿ ಸೆರೆನಿಟಿ ಬೇ ಇದೆ, ಅದೂ ಹದಿನೆಂಟು ದಾಟಿದವರಿಗೆ. ಊಟವೂ ಅಲ್ಲೇ ಸಿಗುತ್ತದೆ. ನಾನು ಕಂಡ ದೊಡ್ಡ ನೀರು ಅಂದರೆ ಆಲಮಟ್ಟಿಯ ಹಿನ್ನೀರು, ಹಳೆ ಬಾಗಲಕೋಟೆಯನ್ನು ಅರೆಬರೆ ನುಂಗಿದ ನೀರು. ಸೊಂಟದುದ್ದ ನೀರಿನಲ್ಲಿ ನಿಂತು ಕಾಲಬೆರಳು ಕಾಣುವುದನ್ನು ಅಲ್ಲಿಯೇ ಮೊದಲು ನೋಡಿದೆ. ಹೆಣ್ಣುಮಕ್ಕಳಿಗೆ ಒಂದು ಮಾತು: ಹತ್ತಿಯ ಚೂಡಿದಾರ ನೀರಿಗೆ ಬೇಡ, ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಳಕಾಲು, ತೋಳು ಮುಚ್ಚುವ ಈಜುಡುಗೆ ಹುಬ್ಬಳ್ಳಿ, ಬೆಂಗಳೂರಿನಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹಾಗಂತ ಇಡೀ ಪಯಣ ದೊಡ್ಡವರ ಮೂಲೆಯಲ್ಲೇ ಕಳೆಯಬೇಡಿ. ಮಿಕ್ಕಿಯ ಜತೆ ಫೋಟೊ ತೆಗೆಸಿಕೊಳ್ಳಲು ಸಾಲಿನಲ್ಲಿ ನಿಲ್ಲಿ. ದೊಡ್ಡವರು ಬಹಳ ಮಂದಿ ನಿಂತಿರುತ್ತಾರೆ, ಮಕ್ಕಳಿಗೆ ಸರದಿ ಬಿಟ್ಟುಕೊಡಬೇಕೆಂದು ಯಾರೂ ಬಯಸುವುದಿಲ್ಲ. ಒಂದು ರಾತ್ರಿ ಕಡಲುಗಳ್ಳರ ವೇಷದ ಮೋಜು ಇರುತ್ತದೆ. ಅಂದು ತಲೆಗೊಂದು ಕೆಂಪು ವಸ್ತ್ರ ಕಟ್ಟಿಕೊಂಡು ಮೇಲಿನ ಅಂತಸ್ತಿಗೆ ಹೋಗಿ, ಸಮುದ್ರದ ಮೇಲೆ ಸಿಡಿಮದ್ದು ಹಾರಿಸುತ್ತಾರೆ. ಮಕ್ಕಳನ್ನು ಆಟಕ್ಕೆ ಬಿಡುವ ಕ್ಲಬ್ಬುಗಳಿಗೆ ಮಾತ್ರ ನಮಗೆ ಪ್ರವೇಶವಿಲ್ಲ. ಆದರೆ ಅವನ್ನು ಎಲ್ಲರಿಗೂ ತೆರೆಯುವ ಗಂಟೆಗಳಿರುತ್ತವೆ, ಆಗ ಹೋಗಿ ನೋಡಬಹುದು. ಇನ್ನು ನಮ್ಮೂರ ರೂಢಿಯಂತೆ ಪಕ್ಕದ ಮಗುವಿನ ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, ಫೋಟೊ ಹಿಡಿಯುವುದು ಅಲ್ಲಿ ಸಲ್ಲದು. ತಾಯಿತಂದೆ ತಾವಾಗಿ ಮಾತಿಗೆ ಬಂದರೆ ಮಾತಾಡಿ.

ಭಾರತದ ಕುಟುಂಬಗಳು ಸಿಕ್ಕರೆ ‘ಮಕ್ಕಳನ್ನು ಕ್ಲಬ್ಬಿಗೆ ಬಿಟ್ಟಿರಾ?’ ಎಂದು ಕೇಳಿಯೇ ಕೇಳುತ್ತಾರೆ. ‘ಇಲ್ಲ, ನಾವಿಬ್ಬರೇ ಬಂದೀವಿ’ ಎಂದು ಅಲ್ಲಿಗೇ ಮುಗಿಸಿ, ವಿವರಣೆ ಕೊಡುವ ಹಂಗು ನಿಮಗಿಲ್ಲ. ಆದರೆ ಒಂದನ್ನು ಮನಸ್ಸಿಟ್ಟು ಹೇಳುತ್ತೇನೆ. ಮಗುವಿಗಾಗಿ ಆಸ್ಪತ್ರೆ ಸುತ್ತಿ, ಅದು ಕೈಗೂಡದೆ, ನೋವು ಇನ್ನೂ ಹಸಿಯಾಗಿದ್ದರೆ ಈ ಹಡಗನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಿ. ಕಣ್ಣು ಹಾಯಿಸಿದಲ್ಲೆಲ್ಲ ತಳ್ಳುಗಾಡಿ, ಪುಟ್ಟ ಚಪ್ಪಲಿ. ನಾವು ಹೋದದ್ದು ಆ ನೋವು ನಮ್ಮ ಮನೆಯಲ್ಲಿ ತಣ್ಣಗಾದ ಬಹಳ ಕಾಲದ ಮೇಲೆ. ಆಗ ಆ ಗಲಾಟೆ ನನಗೆ ಜಾತ್ರೆಯ ಸಡಗರವಾಗಿ ಕೇಳಿತು. ಬೇಗ ಹೋಗಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಹೋದ ಮೇಲೂ ಯಾವುದೋ ಸಂಜೆ ಎದೆ ಭಾರವಾದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಊಟವನ್ನು ಕೋಣೆಗೇ ತರಿಸಿಕೊಳ್ಳಬಹುದು.

ಗಂಟುಮೂಟೆಯ ವಿಷಯ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಗೆ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ ಬಂದರಿನಲ್ಲಿ ಮನಸ್ಸು ಕೆಡಿಸಿಕೊಳ್ಳಬೇಡಿ. ತಯಾರಿಸಿದವರ ಮೊಹರಿರುವ, ಒಡೆಯದ ಪೊಟ್ಟಣಕ್ಕೆ ಅಡ್ಡಿಯಿಲ್ಲ. ಅಮೀನಗಡದ ಕರದಂಟಿನ ಸೀಲಾದ ಡಬ್ಬಿ ನಮ್ಮ ಜತೆ ಹಡಗು ಹತ್ತಿತು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಮಾತ್ರ ತಿನಿಸು ತಂದಿದ್ದೇವೆಂದು ಮುಚ್ಚಿಡದೆ ಹೇಳಿ. ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ವೈರು ನಿಷಿದ್ಧ. ಇಸ್ತ್ರಿ ಹಡಗಿನ ಬಟ್ಟೆ ಒಗೆಯುವ ಕೋಣೆಯಲ್ಲಿರುತ್ತದೆ. ಶೌಚಾಲಯದಲ್ಲಿ ಕಾಗದ ಮಾತ್ರ, ಆದ್ದರಿಂದ ಒಂದು ಪ್ಲಾಸ್ಟಿಕ್ ತಂಬಿಗೆ ಚೀಲದಲ್ಲಿರಲಿ. ದೊಡ್ಡ ಚೀಲಗಳನ್ನು ಬಂದರಿನಲ್ಲಿ ತೆಗೆದುಕೊಂಡು ಮಧ್ಯಾಹ್ನದ ಮೇಲೆ ಕೋಣೆಗೆ ತಲುಪಿಸುತ್ತಾರೆ. ಪಾಸ್‌ಪೋರ್ಟು, ಔಷಧಿ, ಈಜುಡುಗೆ, ಒಂದು ಜತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಹೊರಡುವ ಮುಂಚಿನ ಸುರಕ್ಷತಾ ಕವಾಯತು ಎಲ್ಲರಿಗೂ ಕಡ್ಡಾಯ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ, ಸಮುದ್ರದ ಮೇಲಿನ ರೋಮಿಂಗ್ ಬಿಲ್ಲು ದುಬಾರಿ. ಕಂಪನಿಯ ಆ್ಯಪ್ ಹಡಗಿನ ವೈಫೈನಲ್ಲಿ ಹಣವಿಲ್ಲದೆ ನಡೆಯುತ್ತದೆ, ಇಬ್ಬರೂ ಅದರಲ್ಲೇ ಸಂದೇಶ ಕಳಿಸಿಕೊಳ್ಳಬಹುದು.

ಅಮೆರಿಕ ದೂರವಾಯಿತು ಎನ್ನುವವರಿಗೆ ಸಿಂಗಪುರವಿದೆ. ‘ಡಿಸ್ನಿ ಅಡ್ವೆಂಚರ್’ ಎಂಬ ಹಡಗು 2026ರಿಂದ ಅಲ್ಲಿನ ಮರೀನಾ ಬೇ ಕ್ರೂಸ್ ಸೆಂಟರಿನಿಂದ ಮೂರು ಅಥವಾ ನಾಲ್ಕು ರಾತ್ರಿಯ ಪಯಣಕ್ಕೆ ಹೊರಡುತ್ತದೆ. ನಡುವೆ ಯಾವ ಬಂದರೂ ಇಲ್ಲ, ಸಮುದ್ರ ಸುತ್ತಿ ವಾಪಸ್. ಡ್ರೀಮ್ ಸುಮಾರು 4,000 ಜನರನ್ನು ಹೊತ್ತರೆ ಇದು 6,700 ಜನರನ್ನು ಹೊರುತ್ತದೆ, ಹಾಗಾಗಿ ತಿಂಗಳಿನ ಆಯ್ಕೆ ಇಲ್ಲಿ ಇನ್ನೂ ಮುಖ್ಯ. ಸಿಂಗಪುರದ ಶಾಲೆಗಳಿಗೆ ಜೂನ್ ಮತ್ತು ನವೆಂಬರ್-ಡಿಸೆಂಬರ್ ದೊಡ್ಡ ರಜೆ. ನಮಗೆ ರಜೆಯಿರುವ ಏಪ್ರಿಲ್‌ನಲ್ಲಿ ಅಲ್ಲಿಯವರು ತರಗತಿಯಲ್ಲಿರುತ್ತಾರೆ, ವಾರಾಂತ್ಯ ತಾಗದ ಪಯಣ ಹುಡುಕಿ. ವೀಸಾ ಇಲ್ಲಿಯೂ ಹಲವು ಪ್ರವೇಶದ್ದೇ ಇರಲಿ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಬೆಂಗಳೂರಿಗೆ ಹೋದರೆ, ಅಲ್ಲಿಂದ ನೇರ ವಿಮಾನ ನಾಲ್ಕೂವರೆ ಗಂಟೆ. ಕರದಂಟು ಒಯ್ಯುವವರು ಮಾತ್ರ ಡಬ್ಬಿಯ ಹಿಂದಿನ ಪಟ್ಟಿ ಓದಿ. ಗಸಗಸೆ ಸಿಂಗಪುರದಲ್ಲಿ ನಿಷಿದ್ಧ, ನಮ್ಮಲ್ಲಿ ಕರದಂಟಿಗೆ ಗಸಗಸೆ ಹಾಕುವವರು ಬಹಳ. ಗುಟ್ಕಾ, ತಂಬಾಕಿನ ಚೀಟಿಗಳನ್ನೂ ಜೇಬಿನಿಂದ ತೆಗೆದು ಊರಲ್ಲೇ ಬಿಡಿ.

ಕೊನೆಯ ರಾತ್ರಿ ಚೀಲಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ಬೆಳಿಗ್ಗೆ ಉಡುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟು ಒಳಗೇ ಉಳಿಸಿಕೊಳ್ಳಿ. ಸೇವೆಯವರ ಇನಾಮು ದಿನಕ್ಕಿಷ್ಟೆಂದು ಬಿಲ್ಲಿಗೇ ಸೇರಿರುತ್ತದೆ. ಅದರ ಮೇಲೆ ನಾಳೆಯ ಊಟ ಬರೆದುಕೊಂಡವನಿಗೆ ಲಕೋಟೆಯಲ್ಲಿ ಬೇರೆಯಾಗಿ ಕೊಡಿ, ಹೆಸರು ಹಿಡಿದು ಕರೆದು ಕೊಡಿ. ಮತ್ತೆ ಹೋಗುವ ಮನಸ್ಸಿದ್ದರೆ ಹಡಗಿನಲ್ಲಿರುವಾಗಲೇ ಮುಂದಿನ ಪಯಣಕ್ಕೆ ಮುಂಗಡ ಕಟ್ಟಬಹುದು, ಹಾಗೆ ಕಟ್ಟಿದವರಿಗೆ ದರದಲ್ಲಿ ರಿಯಾಯಿತಿಯುಂಟು. ಕೆಲವು ತಾರೀಖುಗಳಿಗೆ ಅದು ಅನ್ವಯಿಸುವುದಿಲ್ಲ, ಕೇಳಿಕೊಂಡೇ ಸಹಿ ಹಾಕಿ.