ನಾವೇ ಕಟ್ಟಿದ ಡಯೋಡ್ ಲೇಸರ್, ರಾತ್ರಿಯಿಡೀ ಲಾಕ್: ನನ್ನ ಅನುಭವ

ಲ್ಯಾಬಲ್ಲೇ ಕಟ್ಟಿದ ಲೇಸರ್‌ನಿಂದ ರುಬಿಡಿಯಂ-87 ಪರಮಾಣುಗಳನ್ನು ತಣ್ಣಗೆ ಮಾಡಿ ಹಿಡಿಯುತ್ತೇನೆ ಅಂದಾಗ ಜೊತೆಯವರು ಬೇಡ ಅಂದರು. ಪರಮಾಣು ಸಿಗಬಹುದು, ಆದರೆ ಮಾತುಮಾತಿಗೆ ಲಾಕ್ (ಲೇಸರ್ ಫ್ರೀಕ್ವೆನ್ಸಿಯನ್ನು ಪರಮಾಣುವಿನ ರೇಖೆಗೆ ಕಟ್ಟಿಹಾಕುವುದು) ಬಿಟ್ಟುಹೋಗುತ್ತದೆ, ಡೇಟಾ ತೆಗೆಯಲು ಆಗಲ್ಲ ಅನ್ನುವುದು ಅವರ ವಾದ. ಈಗ ಸಂಜೆ ಲಾಕ್ ಮಾಡಿ ಹೋದರೆ ಬೆಳಿಗ್ಗೆಯೂ ಹಾಗೇ ನಿಂತಿರುತ್ತದೆ. 1995ರಲ್ಲಿ ಕಾರ್ನೆಲ್ ಮತ್ತು ವೈಮನ್ ಮೊದಲ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ (ಪರಮಾಣುಗಳೆಲ್ಲ ಒಂದೇ ಕ್ವಾಂಟಂ ಸ್ಥಿತಿಗೆ ಇಳಿದ ಅತಿ ತಣ್ಣನೆಯ ಮೋಡ) ಮಾಡಿದ್ದು ಡಯೋಡ್ ಲೇಸರ್‌ಗಳಿಂದಲೇ, ಅಲ್ವಾ? ಹಾಗಾಗಿ ದಾರಿ ಇದೆ ಅನ್ನುವ ನಂಬಿಕೆ ನನಗೆ ಮೊದಲಿನಿಂದ ಇತ್ತು.

ಲಿಟ್ರೋ ವಿನ್ಯಾಸ, ಅಂದರೆ ಗ್ರೇಟಿಂಗ್ (ಗೆರೆ ಕೊರೆದ ಕನ್ನಡಿ) ಬೆಳಕಿನ ಒಂದು ಪಾಲನ್ನು ಡಯೋಡ್‌ಗೇ ಮರಳಿಸುತ್ತದೆ; ನನ್ನದು ಮಿಲಿಮೀಟರ್‌ಗೆ 1800 ಗೆರೆಯದು. ರುಬಿಡಿಯಂಗೆ ಬೇಕಾದ 780 ನ್ಯಾನೊಮೀಟರ್‌ಗೆ ಕೋನ ಹೆಚ್ಚುಕಮ್ಮಿ 45 ಡಿಗ್ರಿ ಬರುತ್ತದೆ, ಜೋಡಿಸುವುದು ಸುಲಭ. ಕಷ್ಟ ಇದ್ದದ್ದು ಬಿಸಿಯಲ್ಲಿ. ಅಲ್ಯೂಮಿನಿಯಂ ದೇಹದ ಲೇಸರ್ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗ ಬಿಸಿಯಾದರೂ ಫ್ರೀಕ್ವೆನ್ಸಿ ಸುಮಾರು 9 ಮೆಗಾಹರ್ಟ್ಸ್ ಸರಿಯುತ್ತದೆ. ಪರಮಾಣು ಬೆಳಕು ಹೀರುವ ನಮ್ಮ ರೇಖೆಯ ಅಗಲವೇ 6 ಮೆಗಾಹರ್ಟ್ಸ್! ಮೊದಲ ಎರಡು ಲೇಸರ್‌ಗಳು ಹೀಗೇ ಕೈಕೊಟ್ಟವು. ಎಸಿ ಆನ್ ಆದರೆ ಮೋಡ್ ಹಾಪ್ (ಫ್ರೀಕ್ವೆನ್ಸಿ ತಟ್ಟನೆ ಬೇರೆಡೆಗೆ ಹಾರುವುದು), ಯಾರಾದರೂ ಬಾಗಿಲು ತೆಗೆದರೆ ಮೋಡ್ ಹಾಪ್. ಎರಡು ಪದರದ ಪೆಟ್ಟಿಗೆ ಮಾಡಿ, ಹೊರಪದರಕ್ಕೂ ಬೇರೆ ಪೆಲ್ಟಿಯರ್ (ಕರೆಂಟಿನಿಂದ ಬಿಸಿ-ತಣ್ಣಗೆ ಮಾಡುವ ತುಂಡು) ಹಾಕಿ, ತೂಕದ ತಳಪಾಯವನ್ನು ರಬ್ಬರ್ ಮೇಲೆ ಕೂರಿಸಿದ ಮೇಲೆ ಅದು ನಿಂತಿತು. ತಾಪ ಅಳೆಯುವ ಥರ್ಮಿಸ್ಟರ್ ಅನ್ನು ಡಯೋಡ್ ಹತ್ತಿರದಿಂದ ಗ್ರೇಟಿಂಗ್ ಹಿಡಿಯುವ ತುಂಡಿಗೆ ಸರಿಸಿದ್ದೇ ದೊಡ್ಡ ತಿರುವು. ಗ್ರೇಟಿಂಗ್ ಅಂಟಿಸುವ ಕ್ರಮದಲ್ಲಿ ಇನ್ನೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದುಡ್ಡಿನ ಮಾತು. ಕೊಂಡರೆ ಒಂದು ಲೇಸರ್‌ಗೆ ಆಗುವ ಹಣದಲ್ಲಿ ನಾನು ನಾಲ್ಕೈದು ಕಟ್ಟಿದೆ. ಡಯೋಡ್ ಅಗ್ಗ, ಆದರೆ ಸ್ಟ್ಯಾಟಿಕ್‌ಗೆ ಒಂದು ಹಿಡಿಯಷ್ಟು ಸತ್ತವು. ಈಗ ಡಯೋಡ್ ಕಾಲುಗಳನ್ನು ಶಾರ್ಟ್ ಮಾಡದೆ, ಕೈಗೆ ಅರ್ಥಿಂಗ್ ಪಟ್ಟಿ ಕಟ್ಟದೆ ಯಾರೂ ಮುಟ್ಟುವ ಹಾಗಿಲ್ಲ. ಹಣ ನುಂಗಿದ್ದು ಅಯಾನ್ ಪಂಪ್ ಮತ್ತು ವ್ಯಾಕ್ಯೂಮ್. ಕರೆಂಟ್ ಕಂಟ್ರೋಲರ್‌ಗೆ 1993ರ ಲಿಬ್ರೆಕ್ಟ್-ಹಾಲ್ ಸರ್ಕ್ಯೂಟನ್ನೇ ಕಟ್ಟಿದೆ. ಅಲ್ಲಿ ಜಾಸ್ತಿ ಖರ್ಚು ಮಾಡಬೇಕಾದದ್ದು ಒಂದೇ ಭಾಗಕ್ಕೆ, ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್‌ಗೆ. ಅದು ಬಿಸಿಗೆ ಬದಲಾಗುವ ಮಾಲಾದರೆ ಉಳಿದದ್ದೆಲ್ಲ ವ್ಯರ್ಥ.

ಲಾಕ್‌ಗೆ ಲೇಸರ್ ಕರೆಂಟನ್ನು ಅಲುಗಿಸಲಿಲ್ಲ. ವೇಪರ್ ಸೆಲ್‌ಗೆ (ರುಬಿಡಿಯಂ ಆವಿ ತುಂಬಿದ ಗಾಜಿನ ಕೊಳವೆ) ಕಾಯಿಲ್ ಸುತ್ತಿ, ಕಾಂತಕ್ಷೇತ್ರವನ್ನು ಕೆಲವು ಹತ್ತು ಕಿಲೋಹರ್ಟ್ಸ್‌ನಲ್ಲಿ ಅಲುಗಿಸಿದೆ. ಲೇಸರ್ ಶುದ್ಧವಾಗಿ ಉಳಿಯುತ್ತದೆ, ಲೇಸರ್ ಎಷ್ಟು ಸರಿದಿದೆ ಎಂದು ತೋರಿಸುವ ಎರರ್ ಸಿಗ್ನಲ್ ಚೆನ್ನಾಗಿ ಬರುತ್ತದೆ. ಆದರೆ ಆ ಕ್ಷೇತ್ರ ಪರಮಾಣು ಹಿಡಿಯುವ ಟ್ರ್ಯಾಪ್ ಕಡೆ ಸೋರುತ್ತದೆ, ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಸುತ್ತಲೇಬೇಕು. ಲಾಕ್ ಆಗುವುದು ಎಫ್=2 ಮಟ್ಟದ 2-3 ಕ್ರಾಸ್‌ಓವರ್‌ಗೆ (ಎರಡು ರೇಖೆಗಳ ನಟ್ಟನಡುವೆ ಕಾಣುವ ಸಿಗ್ನಲ್). ಅದು ಹಿಡಿಯುವ ರೇಖೆಗಿಂತ 133 ಮೆಗಾಹರ್ಟ್ಸ್ ಕೆಳಗಿದೆ. ಎಒಎಂನಿಂದ (ಧ್ವನಿ ಅಲೆಯಿಂದ ಬೆಳಕಿನ ಫ್ರೀಕ್ವೆನ್ಸಿ ಸರಿಸುವ ಸಾಧನ) 120 ಮೆಗಾಹರ್ಟ್ಸ್‌ನಷ್ಟು ಮೇಲೆತ್ತಿದರೆ ಸುಮಾರು ಎರಡು ಲೈನ್‌ವಿಡ್ತ್ (ರೇಖೆಯ ಅಗಲ) ಡಿಟ್ಯೂನಿಂಗ್, ಅಂದರೆ ರೇಖೆಯಿಂದ ಕೆಳಕ್ಕೆ ಅಂತರ, ಸಿಗುತ್ತದೆ.

ನಡುವೆ ಒಂದು ಅಡ್ಡ ಪ್ರಯೋಗ. ರುಬಿಡಿಯಂ ಆವಿ ಬಿಡುವ ಡಿಸ್ಪೆನ್ಸರ್ ಆರಿಸಿ, ಗಾಜಿನ ಚೇಂಬರ್ ಮೇಲೆ ಸುಮ್ನೆ ನೀಲಿ ಎಲ್‌ಇಡಿ ಬೆಳಕು ಬಿಟ್ಟೆ. ಗೋಡೆಗೆ ಅಂಟಿದ್ದ ರುಬಿಡಿಯಂ ಬಿಡಿಸಿಕೊಂಡು ಬಂದು ಟ್ರ್ಯಾಪಿನ ಪರಮಾಣು ಮೋಡ ಬೇಗ ತುಂಬಿತು. ದೀಪ ಆರಿಸಿದರೆ ಒತ್ತಡ ಮತ್ತೆ ಇಳಿಯುತ್ತದೆ. ಈ ವಿದ್ಯೆ ಹಲವರಿಗೆ ಗೊತ್ತು, ಆದರೂ ನಮ್ಮ ಚೇಂಬರಿನಲ್ಲಿ ಡಿಸ್ಪೆನ್ಸರ್ ಬಳಕೆ ಅರ್ಧಕ್ಕಿಂತ ಕಡಿಮೆಯಾಯಿತು.

ಈಗ ನೆನಪಿನಿಂದ ಹೇಳುವುದಾದರೆ ಟ್ರ್ಯಾಪಲ್ಲಿ 10 ಕೋಟಿ ಹತ್ತಿರ ಪರಮಾಣು, ಎರಡು-ಮೂರು ಸೆಕೆಂಡಲ್ಲಿ ತುಂಬುತ್ತದೆ. ಮೊಲಾಸಿಸ್ (ಲೇಸರ್‌ನಿಂದ ಇನ್ನಷ್ಟು ತಣ್ಣಗೆ ಮಾಡುವ ಹಂತ) ನಂತರ ತಾಪ 50 ಮೈಕ್ರೊಕೆಲ್ವಿನ್ ಆಸುಪಾಸು. ಸಾದಾ ಲೇಸರ್ ಕೂಲಿಂಗ್ ಇಳಿಸಬಲ್ಲ ಕನಿಷ್ಠ ತಾಪ, ಅಂದರೆ ಡಾಪ್ಲರ್ ಮಿತಿ, 146, ನೆನಪಿರಲಿ. ಸಂದೇಹ ಪಟ್ಟವರಲ್ಲಿ ಒಬ್ಬರು ಡ್ರಾಯಿಂಗ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಸದ್ಯ ಅಗ್ಗದ 785 ನ್ಯಾನೊಮೀಟರ್ ಡಯೋಡನ್ನು ತಣ್ಣಗೆ ಮಾಡಿ 780ಕ್ಕೆ ಎಳೆಯುತ್ತಿದ್ದೇನೆ. ಡಿಗ್ರಿಗೆ ಕಾಲು ನ್ಯಾನೊಮೀಟರ್ ಲೆಕ್ಕ, ಮಿಕ್ಕದ್ದನ್ನು ಗ್ರೇಟಿಂಗ್ ಎಳೆಯುತ್ತದೆ. ಇಷ್ಟು ತಣ್ಣಗಾದರೆ ಡಯೋಡ್ ಮೇಲೆ ನೀರು ಕೂರುತ್ತದೆ, ಆದ್ದರಿಂದ ಪೆಟ್ಟಿಗೆ ಮುಚ್ಚುವ ಮುಂಚೆ ಸಿಲಿಕಾ ಜೆಲ್ ಹಾಕಿ.