ಆಡಿಟರ್ ಆಫೀಸಿನ ಅಕೌಂಟೆಂಟರಿಗೆ ಬೆಳಗಿನ ಜಿಎಸ್‌ಟಿ ಕ್ಲಾಸ್: ನನ್ನ ಅನುಭವ

ಇದು ನಡೆಯೋದಿಲ್ಲ ಅಂದವರೇ ಜಾಸ್ತಿ. ಹುಬ್ಬಳ್ಳಿಯ ಒಬ್ಬ ಆಡಿಟರ್ ನೇರವಾಗಿಯೇ ಹೇಳಿದ್ದರು: “ಇವರಿಗೆ ಇಷ್ಟೆಲ್ಲಾ ಕಲಿಸಿದ್ರ ನಾಳೆ ಕೆಲಸ ಬಿಟ್ಟು ಹೋಗ್ತಾರ್ರೀ.” ಈಗ ಅದೇ ಆಫೀಸಿನಿಂದ ಇಬ್ಬರು ಬರುತ್ತಾರೆ, ಫೀಸನ್ನೂ ಆಫೀಸೇ ಕೊಡುತ್ತದೆ.

ಪ್ರಾಕ್ಟೀಸ್ ಮಾಡೋ ಸಿಎಗಳಿಗೆ ಮೂರು ವರ್ಷಕ್ಕೆ 120 ಗಂಟೆ ಸಿಪಿಇ, ಅಂದರೆ ಕಡ್ಡಾಯವಾಗಿ ಮುಂದುವರಿಸಬೇಕಾದ ಕಲಿಕೆ, ಇದೆ. ಸೆಮಿನಾರ್, ಊಟ, ಸರ್ಟಿಫಿಕೇಟ್ ಎಲ್ಲಾ ಅವರಿಗೆ. ರಿಟರ್ನ್ ತುಂಬೋರು ಮಾತ್ರ ಹದಿನಾಲ್ಕು ಹದಿನೈದು ಸಾವಿರ ಪಗಾರದ ಬಿ.ಕಾಂ. ಹುಡುಗ ಹುಡುಗಿಯರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಎಷ್ಟು ನೋಟಿಫಿಕೇಶನ್ ಬಂದವು! ಕೂರಿಸಿಕೊಂಡು ಹೇಳಿಕೊಟ್ಟವರಿಲ್ಲ, ತಪ್ಪಾದರೆ ಬೈಗುಳ ಇವರಿಗೆ. ನಾನೂ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವನು.

ಮೊದಲು ಒಬ್ಬ ಸಿಎ ಅವರನ್ನೇ ಕರೆಸಿದೆ. ಹಾಲ್, ಪ್ರೊಜೆಕ್ಟರ್, ಚಹಾ, ಸಂಭಾವನೆ ಎಲ್ಲಾ ಸೇರಿ ಎಂಟು ಸಾವಿರದ ಹತ್ತಿರ ಹೋಯಿತು. ಮುಂದಿನ ಸಾಲಿನಲ್ಲಿ ಮಾಲೀಕರು ಕೂತರು. ಹಿಂದೆ ಕೂತವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಾಹೇಬರ ಮುಂದೆ ‘ನನಗೆ ಗೊತ್ತಿಲ್ಲ’ ಅಂತ ಯಾರು ಹೇಳುತ್ತಾರೆ?

ಆಮೇಲೆ ವಾಟ್ಸಾಪ್‌ನಲ್ಲಿ ಕನ್ನಡ ಆಡಿಯೋ ಕಳಿಸಿದೆ. ಕೇಳಿದವರು ಬಹಳ ಕಡಿಮೆ. ಬ್ಯಾಡಗಿಯ ದಲಾಲಿ ಅಂಗಡಿ ಗುಮಾಸ್ತರು ಮಾತ್ರ ಹಸಿ ಮೆಣಸಿನಕಾಯಿಗೆ ತೆರಿಗೆ ಇಲ್ಲ, ಒಣಗಿದ್ದಕ್ಕೆ 5 ಪರ್ಸೆಂಟ್ ಅನ್ನೋ ಆಡಿಯೋವನ್ನು ಇವತ್ತಿಗೂ ಒಬ್ಬರಿಗೊಬ್ಬರು ಕಳಿಸುತ್ತಾರೆ. ಅದನ್ನು ಬೇರೆಯಾಗಿ ಬೆಳೆಸಬೇಕು.

ಕೊನೆಗೆ ಕೈಹಿಡಿದದ್ದು ಇದು. ವಿದ್ಯಾನಗರದಲ್ಲಿ ಒಂದು ಟ್ಯೂಷನ್ ಕೋಣೆ, ಬೆಳಿಗ್ಗೆ ಏಳೂವರೆಗೆ. ಬಾಡಿಗೆ ತಿಂಗಳಿಗೆ ಎರಡು ಸಾವಿರದ ಆಸುಪಾಸು, ತಲೆಗೆ ಮುನ್ನೂರು ಫೀಸ್. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಬರುತ್ತಾರೆ. ಮಾಲೀಕರಿಗೆ ಪ್ರವೇಶ ಇಲ್ಲ. ಪಾರ್ಟಿ (ಲೆಕ್ಕ ಕೊಟ್ಟ ಗ್ರಾಹಕ) ಹೆಸರು, ಜಿಎಸ್‌ಟಿ ನಂಬರ್ ಅಳಿಸಿ, ತಮ್ಮ ಟೇಬಲ್ಲಿನ ಒಂದು ಕೇಸ್ ತರಬೇಕು. ಎಲ್ಲರಿಗಿಂತ ಕಿರಿಯರೇ ಮೊದಲು ಮಾತಾಡಬೇಕು. ಸೀನಿಯರ್ ಮೊದಲು ಬಾಯಿ ಬಿಟ್ಟರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ.

ವಿಷಯ ಕಲಿಸೋದು ಸುಲಭ, ಕಲಿತದ್ದನ್ನು ಆಫೀಸಿನಲ್ಲಿ ಹೇಳೋದು ಕಷ್ಟ. ನಮ್ಮಲ್ಲಿಗೆ ಬರೋ ಒಬ್ಬ ಹೆಣ್ಣುಮಗಳು ಗದಗ ಕಡೆಯ ಹತ್ತಿ ವ್ಯಾಪಾರಿಯ ಲೆಕ್ಕ ನೋಡುತ್ತಿದ್ದಳು. ರೈತರಿಂದ ಕೊಂಡ ಹತ್ತಿಗೆ 2017ರ ನವೆಂಬರ್‌ನಿಂದಲೇ ರಿವರ್ಸ್ ಚಾರ್ಜ್ ಇದೆ, ಅಂದರೆ ತೆರಿಗೆಯನ್ನು ಮಾರಿದ ರೈತರಲ್ಲ, ಕೊಂಡ ವ್ಯಾಪಾರಿಯೇ ಕಟ್ಟಬೇಕು. ಆದರೆ ರೈತರ ಮಾಲು ಅಲ್ವಾ ಅಂತ ಆಫೀಸಿನಲ್ಲಿ ತೆರಿಗೆ ಕಟ್ಟೋ ರಿಟರ್ನ್ ಆದ 3ಬಿಯಲ್ಲಿ ಇದನ್ನು ತೋರಿಸೋ 3.1(ಡಿ) ಸಾಲನ್ನು ಖಾಲಿ ಬಿಡುತ್ತಿದ್ದರು. ಎದುರುನಿಂತು ಹೇಳಿದರೆ ಕೆಲಸಕ್ಕೇ ಕುತ್ತು. ಅದಕ್ಕೆ ಅರ್ಧ ಪುಟದ ಟಿಪ್ಪಣಿ ಬರೆಸಿದೆ. ನೋಟಿಫಿಕೇಶನ್ ನಂಬರ್, ತೆರಿಗೆ ಎಷ್ಟು, ಬಡ್ಡಿ ಎಷ್ಟು, ಕೊನೆಗೆ ‘ತಮ್ಮ ಸೂಚನೆಗಾಗಿ’. ತೀರ್ಮಾನ ಸಾಹೇಬರದ್ದೇ. ಬರೆದವರ ಹೆಸರು, ತಾರೀಖು ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಒಂದು ವಾರದೊಳಗೆ ತೆರಿಗೆ ಕಟ್ಟಿಸಿದರು. ಈಗ ಆ ಪಾರ್ಟಿಯ ಫೋನ್ ಬಂದರೆ ಅವಳ ಕೈಗೇ ಕೊಡುತ್ತಾರೆ. ಪಗಾರ ಮೂರು ಸಾವಿರದಷ್ಟು ಏರಿತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಟಿಪ್ಪಣಿಯನ್ನು ಯಾವ ಹೊತ್ತಿಗೆ, ಯಾವ ಫೈಲಿನಲ್ಲಿ ಇಡಬೇಕು ಅನ್ನೋದರಲ್ಲಿ ಒಂದು ಜಾಣತನ ಇದೆ. ಅದು ಕ್ಲಾಸಿಗೆ ಬಂದವರಿಗೆ ಮಾತ್ರ. 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ತಾಳೆ ನೋಡೋ ನನ್ನ ಎಕ್ಸೆಲ್ ಶೀಟೂ ಹಾಗೆಯೇ.

ಹಾವೇರಿಯಲ್ಲಿ ಶುರು ಮಾಡಬೇಕು ಅಂತ ಕೆಲವರು ಕೇಳುತ್ತಿದ್ದಾರೆ. ತಿಂಗಳ 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ 3ಬಿ ತುಂಬೋ ಕೊನೆ ದಿನ, ಆ ನಡುವೆ ಕ್ಲಾಸ್ ಇಡಲೇಬೇಡಿ. 21ರ ಮೇಲೆ ಇಡಿ. ಮೊದಲ ಒಂದೆರಡು ತಿಂಗಳು ಫೀಸ್ ಕೇಳಬೇಡಿ, ಚಹಾ ಮಾತ್ರ ತಪ್ಪಿಸಬೇಡಿ.