ಹೊಸ ಲ್ಯಾಪ್‌ಟಾಪಿನ ಬೇಡದ ಬಾಡಿಗೆದಾರರನ್ನು ಖಾಲಿ ಮಾಡಿಸುವುದು ಹೇಗೆ?

ಡೊಂಬಿವಲಿಯ ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿರುವ ಹೋಟೆಲ್ ಶೆಟ್ರು ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಂಡರು. ಎರಡನೇ ದಿನವೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು.

"ಎಂಥ ಮಾರಾಯ್ರೆ ಇದು? ದುಡ್ಡು ಕೊಟ್ಟದ್ದು ನಾನು. ಆನ್ ಮಾಡಿದ ಕೂಡಲೇ ಆಂಟಿವೈರಸ್‌ನವ ಮತ್ತೆ ದುಡ್ಡು ಕೇಳ್ತಾನೆ!"

ತೆರೆದು ನೋಡಿದೆ. ಮೂವತ್ತು ದಿನದ ಆಂಟಿವೈರಸ್, ಯಾರೂ ಕೇಳದ ಎರಡು ಆಟ, ಶಾಪಿಂಗ್ ಕಂಪನಿಯ ಶಾರ್ಟ್‌ಕಟ್, ತಯಾರಕರದ್ದೇ ನಾಲ್ಕು 'ಸಹಾಯಕ' ಆ್ಯಪ್‌ಗಳು. ಇವನ್ನು ಒಳಗೆ ಕೂರಿಸಲು ತಯಾರಕರಿಗೆ ಬೇರೆ ಕಂಪನಿಗಳಿಂದ ಹಣ ಬರುತ್ತದೆ. ಮುಂಬೈಯ ಪಗಡಿ ಬಾಡಿಗೆದಾರರ ಹಾಗೆ, ಒಮ್ಮೆ ಹೊಕ್ಕವರು ಹೊರಡುವ ಮಾತೇ ಇಲ್ಲ. ಇವರನ್ನೆಲ್ಲ ಬಿಡಿಸಿ ಬರೀ ವಿಂಡೋಸ್ ಹಾಕಿಕೊಳ್ಳುವುದನ್ನು ಕ್ಲೀನ್ ಇನ್‌ಸ್ಟಾಲ್ ಅನ್ನುತ್ತಾರೆ.

ಮೊದಲೇ ಒಂದು ಮಾತು. ನಿಮ್ಮ ತಲೆನೋವು ಆ ಆಂಟಿವೈರಸ್ ಒಂದೇ ಆಗಿದ್ದರೆ ಇಷ್ಟೆಲ್ಲ ಬೇಡ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ, ಮನೆ ಬಳಕೆಗೆ ಅದು ಸಾಕು. ಲ್ಯಾಪ್‌ಟಾಪ್ ಸೆಕೆಂಡ್‌ಹ್ಯಾಂಡ್ ಆಗಿದ್ದರೆ, ಅಥವಾ ಹೊಸದೇ ಆದರೂ ಆಮೆಯಂತೆ ತೆವಳುತ್ತಿದ್ದರೆ ಮುಂದೆ ಓದಿ.

ರಿಸೆಟ್ ಒತ್ತಿದರೆ ಸಾಲದೇ?

ಹೆಚ್ಚಿನವರು ಮೊದಲು ಮಾಡುವುದು ಇದನ್ನೇ. ಆದರೆ 'ರಿಸೆಟ್ ದಿಸ್ ಪಿಸಿ' ಒತ್ತಿದಾಗ ತಯಾರಕರು ಡಿಸ್ಕಿನ ಮೂಲೆಯಲ್ಲಿ ಕಟ್ಟಿಟ್ಟ ಗಂಟು ಬಿಚ್ಚಿ, ಅದೇ ಆ್ಯಪ್‌ಗಳು ಮತ್ತೆ ಬಂದು ಕೂರಬಹುದು. ಗುಡಿಸಿದ ಕಸವನ್ನು ಬಾಗಿಲ ಹಿಂದೆ ಇಟ್ಟ ಹಾಗೆ. ಪೂರ್ತಿ ಹೋಗಬೇಕಾದರೆ ಡಿಸ್ಕನ್ನೇ ಬರಿದು ಮಾಡಿ, ಮೈಕ್ರೋಸಾಫ್ಟ್‌ನಿಂದ ನೇರ ಇಳಿಸಿಕೊಂಡ ವಿಂಡೋಸ್ ಹಾಕಬೇಕು.

ಇದು ಬರೀ ಕಿರಿಕಿರಿಯ ಪ್ರಶ್ನೆ ಎಂದುಕೊಳ್ಳಬೇಡಿ. 2014ರಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ತುಂಬಿ ಮಾರಿತ್ತು. ಅದು ಬ್ರೌಸರಿಗೂ ವೆಬ್‌ಸೈಟಿಗೂ ನಡುವೆ ಕೂತು, ಬ್ಯಾಂಕಿನ ಸುರಕ್ಷಿತ ಸಂಪರ್ಕಕ್ಕೂ ತನ್ನದೇ ಪ್ರಮಾಣಪತ್ರ ತೋರಿಸುತ್ತಿತ್ತು. ಎಲ್ಲ ಯಂತ್ರಗಳಲ್ಲೂ ಇದ್ದದ್ದು ಒಂದೇ ಗುಪ್ತ ಕೀಲಿ. ಅದು ಸಿಕ್ಕವನಿಗೆ ಎಲ್ಲರ ಬಾಗಿಲೂ ತೆರೆದ ಹಾಗೆ. 2015ರ ಫೆಬ್ರುವರಿಯಲ್ಲಿ ವಿಷಯ ಬಯಲಾಯಿತು, 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಕಂಪನಿ ರಾಜಿ ಮಾಡಿಕೊಂಡಿತು.

ಅಳಿಸುವ ಮುಂಚಿನ ಕೆಲಸವೇ ಮುಖ್ಯ

ಇನ್‌ಸ್ಟಾಲ್ ಮಾಡುವುದು ಮುಕ್ಕಾಲು ಗಂಟೆಯ ಕೆಲಸ. ಕೆಡುವುದು ಅದರ ಹಿಂದಿನ ಸಂಜೆ. ಅವಸರ ಮಾಡಬೇಡಿ.

ಮೊದಲು ಲೈಸೆನ್ಸ್. ಸೆಟ್ಟಿಂಗ್ಸ್, ಸಿಸ್ಟಂ, ಆ್ಯಕ್ಟಿವೇಶನ್ ತೆರೆಯಿರಿ. 'ಆ್ಯಕ್ಟಿವ್' ಎಂದಿದೆಯೇ, ನಿಮ್ಮದು ಹೋಮ್ ಆವೃತ್ತಿಯೇ ಪ್ರೊ ಆವೃತ್ತಿಯೇ ಎಂದು ಬರೆದಿಟ್ಟುಕೊಳ್ಳಿ. ವಿಂಡೋಸ್ ತುಂಬಿಯೇ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 8ರ ಕಾಲದಿಂದ ಈಚೆಗೆ ಪ್ರಾಡಕ್ಟ್ ಕೀ ಮದರ್‌ಬೋರ್ಡಿನ ಚಿಪ್ಪಿನೊಳಗೇ ಇರುತ್ತದೆ. ಡಿಸ್ಕ್ ಅಳಿಸಿದರೆ ಅದು ಹೋಗುವುದಿಲ್ಲ. ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 'ಫಾರ್ಮ್ಯಾಟ್ ಮಾಡಿಕೊಡಿ' ಎಂದು ಗಲ್ಲಿಯ ಅಂಗಡಿಗೆ ಕೊಟ್ಟರೆ, ಕೆಲವರು ತಮ್ಮ ಪೆನ್‌ಡ್ರೈವಿನಲ್ಲಿರುವ ಪ್ರೊ ಆವೃತ್ತಿ ಹಾಕಿ ಕಳ್ಳ ಆ್ಯಕ್ಟಿವೇಟರ್ ಓಡಿಸಿ ಕೊಡುತ್ತಾರೆ. ನೀವು ದುಡ್ಡು ಕೊಟ್ಟು ಪಡೆದ ಅಸಲಿ ಹೋಮ್ ಲೈಸೆನ್ಸ್ ಚಿಪ್ಪಿನಲ್ಲಿ ಸುಮ್ಮನೆ ಮಲಗಿರುತ್ತದೆ, ಮೇಲೆ ನಕಲಿ ಓಡುತ್ತಿರುತ್ತದೆ. ಕಸ ತೆಗೆಯಲು ಹೋಗಿ ಕಳ್ಳನನ್ನು ಒಳಗೆ ಕರೆದಂತೆ!

ಎರಡನೆಯದು ಬಿಟ್‌ಲಾಕರ್. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಬಯೋಸ್‌ನಲ್ಲಿ, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ, ಏನಾದರೂ ಬದಲಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ, ಆ ಲ್ಯಾಪ್‌ಟಾಪಿನ ವಿವರದ ಪುಟದಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ, ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಬೇಡಿ.

ಲ್ಯಾಪ್‌ಟಾಪಿನ ಜೊತೆ ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ ಬಂದಿದ್ದರೆ, ಅಳಿಸುವ ಮೊದಲು ವರ್ಡ್ ತೆರೆದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಅದನ್ನು ಪಡೆದುಕೊಳ್ಳಿ. ಆಮೇಲೆ ಖಾತೆಯ ಪುಟದಿಂದಲೇ ಮತ್ತೆ ಇಳಿಸಿಕೊಳ್ಳಬಹುದು. ಹೋಟೆಲಿನ ಲೆಕ್ಕದ ಲ್ಯಾಪ್‌ಟಾಪ್ ಆಗಿದ್ದರೆ ಟ್ಯಾಲಿಯ ಡೇಟಾ ಬ್ಯಾಕಪ್ ತೆಗೆದು, ಟ್ಯಾಲಿಯೊಳಗಿಂದಲೇ ಲೈಸೆನ್ಸ್ ಸರೆಂಡರ್ ಮಾಡಿ.

ಇನ್ನು ಕಡತಗಳು. ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ನಾಲ್ಕಾರನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮರೆಯಬೇಡಿ, ಬ್ರೌಸರಿನ ಬುಕ್‌ಮಾರ್ಕುಗಳನ್ನೂ ತೆಗೆದಿಡಿ.

ಕನ್ನಡಿಗರಿಗೆ ಮಾತ್ರ ಬರುವ ಒಂದು ಫಜೀತಿಯೂ ಇದೆ. ನನ್ನ ಸೋದರಮಾವ ವರ್ಷಗಳ ಕಾಲ ಯಕ್ಷಗಾನ ಪ್ರಸಂಗಗಳನ್ನು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಅವರ ಯಂತ್ರವನ್ನು ಶುದ್ಧ ಮಾಡಿಕೊಟ್ಟವನು ನಾನೇ. ಕಡತಗಳೆಲ್ಲ ಸುರಕ್ಷಿತವಾಗಿ ವಾಪಸ್ ಬಂದವು, ತೆರೆದರೆ ಭೀಮನೂ ಇಲ್ಲ ಬಕಾಸುರನೂ ಇಲ್ಲ, ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಗಂಜಿ. ಮಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹಳೆಯ ನುಡಿ, ಬರಹ ಕಡತಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇರುವುದಿಲ್ಲ, ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಆದ್ದರಿಂದ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೂ, ನುಡಿ ಅಥವಾ ಬರಹದ ಸೆಟಪ್ ಕಡತವನ್ನೂ ಬ್ಯಾಕಪ್‌ನಲ್ಲಿ ಸೇರಿಸಿ. ಪುರುಸೊತ್ತಿದ್ದಾಗ ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಕೊನೆಗೆ ಡ್ರೈವರ್‌ಗಳು, ಅಂದರೆ ಲ್ಯಾಪ್‌ಟಾಪಿನ ಬಿಡಿಭಾಗಗಳನ್ನು ವಿಂಡೋಸ್ ಗುರುತಿಸಿ ಓಡಿಸಲು ಬೇಕಾದ ಪುಟ್ಟ ತಂತ್ರಾಂಶಗಳು. ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಸೀರಿಯಲ್ ನಂಬರ್ ನೋಡಿ, ತಯಾರಕರ ಸಪೋರ್ಟ್ ಪುಟದಿಂದ ಎರಡನ್ನು ಇಳಿಸಿಕೊಳ್ಳಿ. ಒಂದು ವೈಫೈ ಡ್ರೈವರ್. ಇನ್ನೊಂದು, ಇಂಟೆಲ್‌ನ 11ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್. ಇದು ಏಕೆಂದು ಆಮೇಲೆ ಗೊತ್ತಾಗುತ್ತದೆ.

ಪೆನ್‌ಡ್ರೈವ್ ಸಿದ್ಧಪಡಿಸಿ

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹೊಸದು ಬೇಕಾದರೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆಯಿರಿ. ಫಲಕದಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಎಂದಿದ್ದರೂ ಆ ಹೆಸರು ಹೇಳಿ ದಾರಿ ಕೇಳಿದರೆ ಟ್ಯಾಕ್ಸಿಯವರೂ ಒಂದು ಕ್ಷಣ ಯೋಚಿಸುತ್ತಾರೆ. ಅಂಗಡಿಯಲ್ಲಿ ಪೆನ್‌ಡ್ರೈವ್ ಮಾತ್ರ ತೆಗೆದುಕೊಳ್ಳಿ, 'ವಿಂಡೋಸ್ ಹಾಕಿಯೇ ಕೊಡಲಾ?' ಎಂದರೆ ಬೇಡ ಅನ್ನಿ.

ಮೈಕ್ರೋಸಾಫ್ಟ್‌ನ ತಾಣದಿಂದ ವಿಂಡೋಸ್ 11ರ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ ಓಡಿಸಿ, 'ಯುಎಸ್‌ಬಿ ಫ್ಲ್ಯಾಶ್ ಡ್ರೈವ್' ಆಯ್ದುಕೊಳ್ಳಿ. ನಾಲ್ಕೈದು ಜಿಬಿ ಇಳಿಯಬೇಕು, ಮೊಬೈಲ್ ಡೇಟಾ ನಂಬಬೇಡಿ. ಮುಗಿದ ಮೇಲೆ ಆ ಎರಡು ಡ್ರೈವರ್‌ಗಳನ್ನು ಅದೇ ಪೆನ್‌ಡ್ರೈವಿನಲ್ಲಿ ಬೇರೆ ಫೋಲ್ಡರಿಗೆ ಹಾಕಿ. ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಹಾಕಬೇಕು, ಜಿಪ್ ಅಥವಾ ಸೆಟಪ್ ರೂಪದಲ್ಲಿದ್ದರೆ ಇನ್‌ಸ್ಟಾಲರಿಗೆ ಕಾಣದು.

ವಿಂಡೋಸ್ 10 ಹಾಕುವ ಯೋಚನೆ ಬೇಡ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲ್ಯಾಪ್‌ಟಾಪಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದೆ ವಿಂಡೋಸ್ 11 ಹಾಕಲು ಆಗದಿದ್ದರೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ವಿಧಾನ ಹೆಚ್ಚುಕಡಿಮೆ ಇದೇ.

ಬೂಟ್, ಅಳಿಸು, ಹಾಕು

ಹೊರಗಿನ ಹಾರ್ಡ್‌ಡಿಸ್ಕ್ ಕಿತ್ತು ದೂರ ಇಡಿ. ಚಾರ್ಜರ್ ಸಿಕ್ಕಿಸಿ, ಪೆನ್‌ಡ್ರೈವ್ ಹಾಕಿ, ಆನ್ ಮಾಡಿದ ಕೂಡಲೇ, ಯಾವುದರಿಂದ ಶುರು ಮಾಡಬೇಕೆಂದು ಕೇಳುವ ಬೂಟ್ ಮೆನುವಿನ ಕೀ ತಟ್ಟುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯೋಸ್‌ನಲ್ಲಿ ಆನ್ ಮಾಡಬೇಕಾಗಬಹುದು. ಬೆರಳು ತಟ್ಟಿ ಸಾಕಾದರೆ ಸುಲಭದ ದಾರಿ ಇದೆ: ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, 'ಯೂಸ್ ಎ ಡಿವೈಸ್' ಆಯ್ದು ಪೆನ್‌ಡ್ರೈವ್ ತೋರಿಸಿ.

ಭಾಷೆ, ಕೀಬೋರ್ಡ್ ಕೇಳುತ್ತದೆ. ಪ್ರಾಡಕ್ಟ್ ಕೀ ಕೇಳಿದರೆ 'ನನ್ನಲ್ಲಿ ಇಲ್ಲ' ಎಂಬುದನ್ನು ಒತ್ತಿ, ಬರೆದಿಟ್ಟುಕೊಂಡ ಆವೃತ್ತಿಯನ್ನೇ ಆರಿಸಿ. ಹಲವು ಬಾರಿ ಚಿಪ್ಪಿನ ಕೀ ಓದಿಕೊಂಡು ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

ಮುಂದೆ ಡಿಸ್ಕಿನ ಪಟ್ಟಿ. ಪಟ್ಟಿ ಖಾಲಿ ಇದ್ದರೆ ಡಿಸ್ಕೇ ಕೆಟ್ಟಿತೆಂದು ಎದೆ ಒಡೆದುಕೊಳ್ಳಬೇಡಿ. ಹೊಸ ಇಂಟೆಲ್ ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಅಡಗಿರುತ್ತದೆ. 'ಲೋಡ್ ಡ್ರೈವರ್' ಒತ್ತಿ, ಪೆನ್‌ಡ್ರೈವಿನ ಆ ಫೋಲ್ಡರ್ ತೋರಿಸಿದರೆ ಕಾಣಿಸಿಕೊಳ್ಳುತ್ತದೆ. ಶೆಟ್ರ ಲ್ಯಾಪ್‌ಟಾಪಿನಲ್ಲೂ ಹೀಗೇ ಆಯಿತು. ಅವರು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು.

ಈಗ ಕೈ ನಡುಗುವ ಹೆಜ್ಜೆ. ಡಿಸ್ಕ್ 0 ಎಂಬುದರಲ್ಲಿ ನಾಲ್ಕೈದು ಪಾರ್ಟಿಶನ್‌ಗಳು, ಅಂದರೆ ಡಿಸ್ಕಿನ ತುಂಡುಗಳು, ಕಾಣುತ್ತವೆ. ಒಂದೊಂದನ್ನೇ ಆಯ್ದು ಡಿಲೀಟ್ ಮಾಡುತ್ತ ಬನ್ನಿ, ಕೊನೆಗೆ 'ಅನ್‌ಅಲೊಕೇಟೆಡ್ ಸ್ಪೇಸ್' ಎಂಬ ಒಂದೇ ಸಾಲು ಉಳಿಯಬೇಕು. ಡಿ ಡ್ರೈವ್ ಎಂದು ನೀವು ಕರೆಯುವುದೂ ಸಾಮಾನ್ಯವಾಗಿ ಇದೇ ಡಿಸ್ಕಿನ ತುಂಡು, ಅದೂ ಹೋಗುತ್ತದೆ. ಯಂತ್ರದಲ್ಲಿ ಎರಡು ಡಿಸ್ಕ್ ಇದ್ದರೆ ಗಾತ್ರ ನೋಡಿ ಖಚಿತಪಡಿಸಿಕೊಂಡೇ ಮುಟ್ಟಿ. ತಯಾರಕರ ರಿಕವರಿ ಪಾರ್ಟಿಶನ್ ಅಳಿಸಲು ಕೆಲವರು ಹೆದರುತ್ತಾರೆ. ನನ್ನ ಮಟ್ಟಿಗೆ ಅದೂ ಹೋಗಲಿ, ಆ ಗಂಟು ಇರುವುದೇ ಅಲ್ಲಿ. ಡೆಲ್, ಎಚ್‌ಪಿ, ಲೆನೊವೊ ಮೂರೂ ಅನೇಕ ಮಾಡೆಲ್‌ಗಳಿಗೆ ಕಾರ್ಖಾನೆಯ ಪ್ರತಿಯನ್ನು ತಮ್ಮ ತಾಣದಿಂದಲೇ ಕೊಡುತ್ತವೆ. ಬೇಕಾದರೆ ಮೊದಲೇ ಅಲ್ಲಿ ನೋಡಿಕೊಳ್ಳಿ.

ಖಾಲಿ ಜಾಗ ಆಯ್ದು ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಶನ್‌ಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ನೀವು ಚಹಾ ಮಾಡಿಕೊಳ್ಳಿ. ಮೊದಲ ರೀಸ್ಟಾರ್ಟ್ ಆದಾಗ ಮತ್ತೆ ಮೊದಲಿನ ಪರದೆಯೇ ಬಂದರೆ ಪೆನ್‌ಡ್ರೈವ್ ಕಿತ್ತುಬಿಡಿ.

ಮೊದಲ ಸಲ ತೆರೆದಾಗ

ಹೋಮ್ ಆವೃತ್ತಿ ಇಂಟರ್‌ನೆಟ್ಟನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಹೆಚ್ಚಿನ ಫೋನ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ಇಮೇಲ್‌ನ ಮೊದಲ ಐದು ಅಕ್ಷರಗಳನ್ನೇ ವಿಂಡೋಸ್ ಬಳಕೆದಾರರ ಫೋಲ್ಡರಿಗೆ ಇಡುತ್ತದೆ, ಶ್ರೀನಿವಾಸನೆಂಬವನ ಫೋಲ್ಡರ್ ಇಂಗ್ಲಿಷಿನಲ್ಲಿ ಬರೀ 'ಶ್ರೀನಿ' ಆಗಿ ಉಳಿಯುವುದು ಹೀಗೆ. ಜಾಹೀರಾತು, ಸ್ಥಳ ಇತ್ಯಾದಿ ಒಪ್ಪಿಗೆಗಳನ್ನೆಲ್ಲ 'ನೋ' ಮಾಡುತ್ತ ಹೋಗಿ.

ಇಲ್ಲಿಗೂ ಪೂರ್ತಿ ನಿರ್ಮಲ ಎನ್ನಲಾಗದು, ಮೈಕ್ರೋಸಾಫ್ಟ್ ತನ್ನ ಕಡೆಯಿಂದಲೂ ಒಂದಿಷ್ಟು ಆಟ, ಆ್ಯಪ್ ಇಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಬಲ ಕ್ಲಿಕ್ ಮಾಡಿ ಕಿತ್ತುಹಾಕಿ. ಅಪ್‌ಡೇಟ್ ಓಡಿಸುವ ಮೊದಲು 'ಚೇಂಜ್ ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್' ಎಂದು ಹುಡುಕಿ, ತಯಾರಕರ ಆ್ಯಪ್‌ಗಳನ್ನು ತಾನಾಗಿ ಇಳಿಸಬೇಕೇ ಎಂಬ ಪ್ರಶ್ನೆಗೆ 'ನೋ' ಕೊಡಿ.

ಹೀಗಿದ್ದೂ ತಯಾರಕರ ಆ್ಯಪ್ ಒಂದು 'ನನ್ನನ್ನು ಹಾಕಿಕೊಳ್ಳಿ' ಎಂದು ಇಣುಕಿದರೆ, ಅದು ಬಂದದ್ದು ಡಿಸ್ಕಿನಿಂದಲ್ಲ, ಮದರ್‌ಬೋರ್ಡಿನಿಂದ. ಬಯೋಸ್‌ನಲ್ಲಿರುವ ಪ್ರೋಗ್ರಾಮನ್ನು ಎತ್ತಿಕೊಂಡು ಓಡಿಸುವ ಕಿಂಡಿಯೊಂದನ್ನು ವಿಂಡೋಸ್ ಇಟ್ಟುಕೊಂಡಿದೆ. ಕೆಲವು ಯಂತ್ರಗಳ ಬಯೋಸ್‌ನಲ್ಲಿ ಇದನ್ನು ಮುಚ್ಚುವ ಆಯ್ಕೆ ಇರುತ್ತದೆ, ಹುಡುಕಿ ನೋಡಿ.

ಅಪ್‌ಡೇಟ್ ಎರಡು ಮೂರು ಸಲ ಓಡಿಸಿ. ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಎಲ್ಲಿಯಾದರೂ ಇದೆಯೇ ನೋಡಿ, ಇದ್ದರೆ ಆ ಒಂದು ಡ್ರೈವರನ್ನು ಮಾತ್ರ ತಯಾರಕರ ಪುಟದಿಂದ ತನ್ನಿ. ತಯಾರಕರದ್ದೆಲ್ಲ ಕಸವೂ ಅಲ್ಲ. ಬ್ಯಾಟರಿಯನ್ನು ಶೇ 80ಕ್ಕೆ ನಿಲ್ಲಿಸುವ, ಫ್ಯಾನ್ ನಿಯಂತ್ರಿಸುವ ಆ್ಯಪ್ ಇದ್ದರೆ ಹಾಕಿಕೊಳ್ಳಿ. ದಿನವಿಡೀ ಚಾರ್ಜರಿಗೆ ಅಂಟಿಕೊಂಡಿರುವ ಲ್ಯಾಪ್‌ಟಾಪಿಗೆ ಅದು ಒಳ್ಳೆಯದೇ. ಕನ್ನಡ ಕೀಬೋರ್ಡಿಗೆ ಬೇರೇನೂ ಬೇಡ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟೂ ಫೋನೆಟಿಕ್ಕೂ ಸಿಗುತ್ತವೆ.

ಆ್ಯಕ್ಟಿವೇಶನ್ ಪುಟದಲ್ಲಿ ಮತ್ತೆ 'ಆ್ಯಕ್ಟಿವ್' ಕಂಡರೆ ಕೆಲಸ ಮುಗಿಯಿತು. ಪೆನ್‌ಡ್ರೈವಿನ ಮೇಲೆ ತಾರೀಖು ಬರೆದು ಎತ್ತಿಡಿ. ಶೆಟ್ರು ಅದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ, ಹತ್ತು ರೂಪಾಯಿ ನಾಣ್ಯಗಳ ಪಕ್ಕ ಇಟ್ಟಿದ್ದಾರೆ. ಮೊನ್ನೆ ಕಾಫಿಗೆ ಹೋದಾಗ ಕ್ಯಾಷ್ ಮೇಲೆ ಕೂತ ಭಾವಮೈದನಿಗೆ, "ಅದು ಮುಟ್ಟಬೇಡ, ಅದರೊಳಗೆ ವಿಂಡೋಸ್ ಉಂಟು" ಎನ್ನುತ್ತಿದ್ದರು.